ಹಿಂದೆ ನೋಡುವ ಗಿಳಿ

ಕಳೆದ ವಾರ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಡೆದ ಕೂಡಲೇ ಸ್ಟಾಂಪ್ ಪ್ಯಾಡಿನ ಶಾಯಿಯ ವಾಸನೆ. ಒಳಗೆ ಕೈಯಿಂದ ಅಚ್ಚೊತ್ತಿ ಮಾಡಿದ ಶುಭಾಶಯದ ಕಾರ್ಡು. ಅದರ ಅಂಚಿನಲ್ಲಿ ನಾಲ್ಕು ಗಿಳಿಗಳು. ಮೂರು ಮುಂದೆ ನೋಡುತ್ತಿದ್ದವು, ನಾಲ್ಕನೆಯದು ಕತ್ತು ತಿರುಗಿಸಿ ಹಿಂದೆ ನೋಡುತ್ತಿತ್ತು. ಐವತ್ತರ ಹತ್ತಿರ ಬಂದ ಹೆಂಗಸು ಒಂದು ಗಿಳಿಯನ್ನು ನೋಡಿ ಹೆದರಬಾರದು ನಿಜ. ಆದರೂ ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿ ಒಳಗೆ ಹೋಗಿ ನೀರು ಕುಡಿದು ಬಂದೆ.

ಆ ಗಿಳಿ ಕಮಲಾಪುರದ ಆಯಿಯದು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ನನಗೆ ಆಕೆ ರಕ್ತಸಂಬಂಧಿಯಲ್ಲ, ಅಪ್ಪನ ನೌಕರಿ ಕಮಲಾಪುರದಲ್ಲಿದ್ದಾಗ ನಮ್ಮ ಪಕ್ಕದ ಮನೆಯವಳು. ಊರಿನವರ ಹಳೆ ಸೀರೆ, ಧೋತರ ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಅಂಚಿಗೆ ಬಣ್ಣದ ಬಟ್ಟೆಯಲ್ಲಿ ಗಿಳಿ ಕತ್ತರಿಸಿ ಸಾಲಾಗಿ ಕೂಡಿಸುತ್ತಿದ್ದಳು. ಪ್ರತಿ ಕೌದಿಯಲ್ಲೂ ಒಂದು ಗಿಳಿ ಮಾತ್ರ ಉಳಿದವುಗಳ ಹಾಗಿರದೆ ಹಿಂದೆ ನೋಡುತ್ತಿತ್ತು. ಚಿಕ್ಕವಳಿದ್ದಾಗ ಅದು ತಪ್ಪಾಗಿದೆಯೆಂದು ಒಮ್ಮೆ ತೋರಿಸಿದ್ದೆ.

"ತಪ್ಪಲ್ಲವ್ವ, ಬೇಕಂತ ಹಾಕೀನಿ. ಎಲ್ಲಾ ಚಂದ ಆಗಿಬಿಟ್ರ ದೃಷ್ಟಿ ಆಗ್ತದ. ನನ್ನ ಕಣ್ಣು, ನನ್ನ ಕೈ ಕಾಯೋದು ಇದೇ ಗಿಳಿ ನೋಡು."

"ಇದನ್ನ ಯಾರರೆ ಕೇಳದ ತಗೊಂಡ್ರ?"

"ಕೇಳದ ಯಾಕ ತಗೋತಾರ?" ಎಂದು ಆಯಿ ಮತ್ತೆ ಸೂಜಿ ಹಿಡಿದಳು. ಮುಂದಿನದನ್ನು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಹೇಳದೆ ಬಿಟ್ಟದ್ದನ್ನು ನಾನೇ ತುಂಬಿಕೊಂಡೆ...

ನನ್ನ ಎಸ್ಸೆಸ್ಸೆಲ್ಸಿ ಮುಗಿದಾಗ ಅಪ್ಪನಿಗೆ ಕಲಬುರಗಿಗೆ ವರ್ಗವಾಯಿತು. ಜೇವರ್ಗಿ ಕಾಲೋನಿಯಲ್ಲಿ ಮನೆ ಹಿಡಿದೆವು. ತೊಂಬತ್ತರ ದಶಕದ ಮೊದಲ ವರ್ಷಗಳವು, ಹೊಸ ವರ್ಷಕ್ಕೆ ಎಲ್ಲರೂ ಎಲ್ಲರಿಗೂ ಕಾರ್ಡು ಕಳಿಸುತ್ತಿದ್ದ ಕಾಲ. ನನಗೆ ಕಾರ್ಡು ಮಾಡುವ ಹುಚ್ಚು ಹಿಡಿಯಿತು. ಸವೆದ ಹವಾಯಿ ಚಪ್ಪಲಿಯ ರಬ್ಬರಿನಲ್ಲಿ ಅರ್ಧ ಬ್ಲೇಡಿನಿಂದ ಚಿತ್ತಾರ ಕೊರೆದು, ಅಪ್ಪನ ಆಫೀಸಿನ ಹಳೆ ಸ್ಟಾಂಪ್ ಪ್ಯಾಡಿಗೆ ಅದ್ದಿ ಒತ್ತುತ್ತಿದ್ದೆ. ಚಿತ್ತಾರಗಳು ಮಾತ್ರ ಒಂದೂ ನನ್ನವಲ್ಲ. ಎದುರು ಮನೆಯ ಕಾಕೂನ ಪೈಠಣಿ ಸೆರಗಿನ ನವಿಲು, ಯಾರದೋ ಬಿದರಿ ಡಬ್ಬಿಯ ಮೇಲಿನ ಬಳ್ಳಿ, ಅಂಗಡಿಯ ಕಾರ್ಡುಗಳಲ್ಲಿದ್ದ ದೀಪ, ಯಾರದ್ದನ್ನೂ ಬಿಡಲಿಲ್ಲ. ಯಾರ ಹೆದರಿಕೆಯೂ ಇರಲಿಲ್ಲ.

ಸ್ಟೇಶನ್ ಬಜಾರದ ಒಂದು ಸ್ಟೇಶನರಿ ಅಂಗಡಿಗೆ ಧೈರ್ಯ ಮಾಡಿ ಹತ್ತಾರು ಕಾರ್ಡು ಒಯ್ದೆ. ಅಂಗಡಿಯ ಚಾಚಾ ಒಂದೊಂದಾಗಿ ತಿರುವಿ ಪಕ್ಕಕ್ಕಿಟ್ಟರು. "ಇವೆಲ್ಲ ನಮ್ಮ ದುಕಾನದಾಗ ಅವ ಬೇಟಿ. ಬ್ಯಾರೆ ಏನರೆ ತಾ."

ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದರೆ ಅಂಗಳದ ಹಗ್ಗದ ಮೇಲೆ ಆಯಿ ನಮಗೆ ಹೊಲಿದುಕೊಟ್ಟ ಕೌದಿ ಒಣಗುತ್ತಿತ್ತು. ಎರಡು ಮಧ್ಯಾಹ್ನ ಕೂತು ನಾಲ್ಕು ಗಿಳಿ ಕೊರೆದೆ. ಮೊದಲು ನಾಲ್ಕನ್ನೂ ಮುಂದೆ ನೋಡುವ ಹಾಗೆ ಕಾಗದದ ಮೇಲೆ ಬರೆದಿದ್ದೆ. ಸಾಲು ಸಪ್ಪೆಯಾಗಿತ್ತು. ಕೊನೆಯದರ ಕತ್ತು ತಿರುಗಿಸಿದೊಡನೆ ಜೀವ ಬಂತು. ಒಂದು ಗಳಿಗೆ ಬ್ಲೇಡು ಹಿಡಿದ ಕೈ ತಡೆಯಿತು, ಸುಳ್ಳು ಹೇಳುವುದಿಲ್ಲ. ಆದರೂ ಕೊರೆದೆ.

ಚಾಚಾ ನೋಡಿದವರೇ ಕನ್ನಡಕ ಸರಿ ಮಾಡಿಕೊಂಡರು. "ಇದು ಅಸಲಿ ಅದ. ಎಷ್ಟು ಆಗ್ತಾವ ಅಷ್ಟು ತಾ. ಡಿಸೈನ್ ಯಾರದು?"

"ನಂದೇ ರೀ," ಎಂದೆ.

ಅದಾಗಿ ಹದಿನೈದು ದಿನ ಕಳೆದಿರಬೇಕು. ಕಾಲೇಜಿನಿಂದ ಬಂದಾಗ ನಮ್ಮ ಪಡಸಾಲೆಯಲ್ಲಿ ಆಯಿ ಕೂತಿದ್ದಳು, ಪಕ್ಕದಲ್ಲಿ ಒಂದು ಗಂಟು, ಒಂದು ಗೊನೆ ಕೆಂಪು ಬಾಳೆಹಣ್ಣು. ನಾನು ಎದುರಿಗೇ ನಿಂತಿದ್ದರೂ "ಯಾರವ್ವ?" ಎಂದು ಕೇಳಿದಳು. ಡಾಕ್ಟರಿಗೆ ಕಣ್ಣು ತೋರಿಸಲು ಬಂದಿದ್ದಳು, ಕೆಲವು ದಿನ ನಮ್ಮಲ್ಲೇ ಉಳಿಯುವವಳಿದ್ದಳು.

"ಎಂದಿನಿಂದ ಹಿಂಗಾಗ್ಯದ ಆಯಿ?"

"ಮಂಜು ಮೊದಲಿಂದ ಇತ್ತು. ದೀಪಾವಳಿ ಆದ ಮ್ಯಾಲ ಪೂರಾ ಕತ್ತಲಿ ಆಗ್ಯದ ನೋಡು. ಸೂಜಿಗಿ ದಾರ ಪೋಣಸಲಕ್ಕ ಬರವಲ್ದು."

ನಾನು ಗಿಳಿ ಕೊರೆದದ್ದು ದೀಪಾವಳಿ ಮುಗಿದ ವಾರ. ಆಕೆಯ ಕಣ್ಣು ಕಾಯುವ ಗಿಳಿಯನ್ನು ನಾನು ಕದ್ದಿದ್ದೆ, ಆಕೆಯ ಕಣ್ಣು ಹೋಗುತ್ತಿತ್ತು. ಡಾಕ್ಟರು ಪೊರೆ ಬಂದಿದೆ, ಸಂಕ್ರಾಂತಿಯ ನಂತರ ಆಪರೇಶನ್ ಮಾಡೋಣ ಅಂದರು. ಪೊರೆ ಯಾಕೆ ಬರುತ್ತದೆಂದು ನನ್ನ ಪಿಯುಸಿ ಪುಸ್ತಕದಲ್ಲೇ ಇತ್ತು. ಅದನ್ನು ಮೂರು ಸಲ ಓದಿದೆ, ಹೆದರಿಕೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆಯಿ ಗೋಡೆ ಹಿಡಿದು ನಡೆದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದೆ. ಒತ್ತಿಟ್ಟ ಕಾರ್ಡುಗಳನ್ನೆಲ್ಲ ಟ್ರಂಕಿನ ತಳಕ್ಕೆ ತುರುಕಿದೆ. ಕಣ್ಣು ಕಾಣದವಳಿಂದ ಕಾರ್ಡು ಬಚ್ಚಿಡುವುದು! ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಸುಮ್ಮನಲ್ಲ.

ಗಿಳಿ ಕೊರೆದ ರಬ್ಬರಿನ ಅಚ್ಚು ಮಾತ್ರ ಹೊರಗೇ ಉಳಿದಿತ್ತು. ಮಧ್ಯಾಹ್ನ ಅದನ್ನು ತೊಳೆದು ಒರೆಸುತ್ತಿದ್ದಾಗ ಆಯಿಯ ಹೆಜ್ಜೆ ಸಪ್ಪಳ ಕೇಳಿ, ಕೈಗೆ ಸಿಕ್ಕ ಬಟ್ಟೆಯ ಮಡಿಕೆಯೊಳಗೆ ಸಿಕ್ಕಿಸಿಬಿಟ್ಟೆ. ಅದು ಆಕೆಯದೇ ಕೌದಿಯ ಮಡಿಕೆ. ಅದೇ ಹೊತ್ತಿಗೆ ಅಡುಗೆಮನೆಯಿಂದ ಅವ್ವನ ದನಿ ಬಂತು: "ಆಯಿಗಿ ಆ ಕೌದಿ ಹಾಸವ್ವ, ಜರಾ ಅಡ್ಡಾಗಲಿ."

"ಚಾದರ ಹಾಸ್ತೀನಿ," ಎಂದೆ.

"ಯಾಕ, ನಾ ಹೊಲದಿದ್ದು ನನಗ ಬ್ಯಾಡೇನು?" ಆಯಿ ನಗುತ್ತ ಕೌದಿಯನ್ನು ಎಳೆದುಕೊಂಡು ಕೊಡವಿದಳು. ಅಚ್ಚು ಆಕೆಯ ಮಡಿಲಿಗೇ ಬಿತ್ತು.

ಆಯಿ ರಬ್ಬರಿನ ಮೇಲೆ ಹೆಬ್ಬೆರಳು ಆಡಿಸಿದಳು. ಒಂದು ಗಿಳಿ, ಎರಡು, ಮೂರು... ನಾಲ್ಕನೆಯದರ ಕತ್ತಿನ ಮೇಲೆ ಬೆರಳು ನಿಂತಿತು. ಬಹಳ ಹೊತ್ತು ನಿಂತಿತು.

"ಆಯಿ, ನಿನ್ನ ಕಣ್ಣು ನನ್ನಿಂದ ಹೋಗಾಕತ್ತಾವೇನು?" ಎಂದು ಅತ್ತುಬಿಟ್ಟೆ.

"ಹುಚ್ಚಿ, ವಯಸ್ಸಾದ್ರ ಎಮ್ಮಿ ಕಣ್ಣಿಗೂ ಪೊರಿ ಬರ್ತದ." ಆಕೆಗೆ ಸಿಟ್ಟು ಬಂದಿರಲಿಲ್ಲ, ಆದರೆ ನಗಲೂ ಇಲ್ಲ. "ಈ ಗಿಳಿ ನಾನೂ ಒಬ್ಬಾಕಿ ಕಡೀಂದ ತಗೊಂಡೀನಿ. ಸಂತ್ಯಾಗ ಒಬ್ಬಾಕಿ ಲಂಬಾಣಿ ಹೆಣ್ಮಗಳ ಲಂಗದ ಮ್ಯಾಲ ನೋಡಿದ್ದೆ. ಆಕಿ ತಾಂಡಾಕ ಹೋಗಿ, ಉಡಿಯಾಗ ಎಲಿ ಅಡಿಕಿ ಹಾಕಿ ಕೇಳಿದೆ. ತಗೋ ಅಂದಳು. ನೋಡಿ ಮಾಡೋದು ಕಳವಲ್ಲವ್ವ, ಕೇಳದ ಮಾಡೋದು ಕಳವು. ಗಿಳಿ ಆಕಿದು. ಹಿಂದ ನೋಡೋದು ನಂದು. ನೀ ಗಿಳಿ ಇಟ್ಕೋ, ತಪ್ಪು ಮಾತ್ರ ನಿಂದ ನೀ ಹುಡುಕ್ಕೋ."

"ನನಗ ಈ ಹಿಂದ ನೋಡೋದೇ ಬೇಕು ಆಯಿ."

ಆಯಿ ಕೌದಿ ಹಾಸಿಕೊಂಡಳು. "ಬೇಕಂದ್ರ ಕಮಲಾಪುರಕ್ಕ ಬಾ. ಎಲಿ ಅಡಿಕಿ ತಂದು ನನ್ನ ಹೊಸ್ತಿಲದಾಗ ಕೇಳು. ಮಂದಿ ಮನ್ಯಾಗ ಕೂತು ಇಂಥವು ಕೊಡಬಾರದು." ಅಷ್ಟು ಹೇಳಿ ಅಚ್ಚನ್ನು ನನ್ನ ಕೈಗೇ ಕೊಟ್ಟು ಮಲಗಿದಳು. ಅವ್ವನಿಗೆ ಒಂದು ಮಾತೂ ಹೇಳಲಿಲ್ಲ.

ಕಮಲಾಪುರವೇನು ದೂರವಲ್ಲ. ಬಸ್ಸು ಹತ್ತಿದರೆ ಒಂದು ನಿದ್ದೆ ಪೂರ್ತಿಯಾಗುವುದರೊಳಗೆ ಇಳಿಯಬಹುದು. ಸಂಕ್ರಾಂತಿ ಮುಗಿಯಿತು, ಆಪರೇಶನ್ ಆಯಿತೆಂದು ಸುದ್ದಿ ಬಂತು. ನಾನು ಹೋಗಲಿಲ್ಲ. ಪಟ್ಟಿ ಬಿಚ್ಚಿದ ಮೇಲೂ ಆಕೆ "ಯಾರವ್ವ?" ಎಂದು ಕೇಳಿಬಿಟ್ಟರೆ ಎಂಬ ಹೆದರಿಕೆ. ಪರೀಕ್ಷೆ ಮುಗಿಯಲಿ ಅಂದೆ, ಬಿಸಿಲು ಇಳಿಯಲಿ ಅಂದೆ. ಬಿಸಿಲು ಇಳಿಯುವ ಮೊದಲೇ ಆಯಿ ಹೋದಳು. ಮಣ್ಣಿಗೆ ಹೋಗಿಬಂದ ಅಪ್ಪ ಅಂಗಳದಲ್ಲಿ ಕಾಲು ತೊಳೆಯುತ್ತ, "ಕಣ್ಣು ಚೊಲೋ ಬಂದಿದ್ದವಂತ. ನಮ್ಮ ಹುಡುಗಿ ಯಾವಾಗ ಬರ್ತಾಳಂತ ಬಸ್ಸಿನ ಹೊತ್ತಿಗಿ ಹೊಸ್ತಿಲದಾಗ ಕೂಡತಿದ್ದಳಂತ," ಎಂದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆಮೇಲೆ ಒಮ್ಮೆ ಹೋಗಿದ್ದೆ. ಆಕೆಯ ಮನೆ ಕೆಡವಿ ಅಂಗಡಿ ಸಾಲು ಕಟ್ಟಿದ್ದರು. ಶಟರುಗಳಿಗೆ ಹೊಸ್ತಿಲಿರುವುದಿಲ್ಲ. ತಂದ ಎಲೆ ಅಡಿಕೆಯನ್ನು ಚೀಲದಲ್ಲೇ ಇಟ್ಟುಕೊಂಡು ಮರಳಿ ಬಸ್ಸು ಹತ್ತಿದೆ. ಕಾರ್ಡು ಮಾಡುವುದನ್ನು ಬಿಡಲಾಗಲಿಲ್ಲ. ಆ ಗಿಳಿಯನ್ನೂ ಬಿಡಲಿಲ್ಲ, ನನ್ನದೊಂದು ತಪ್ಪು ಹುಡುಕಿಕೊಳ್ಳಲೂ ಇಲ್ಲ.

ಈಗ ಬಂದ ಕಾರ್ಡಿನ ಹಿಂದೆ ನಾಲ್ಕು ಸಾಲು ಬರೆದಿದೆ. ಎಲ್ಲೋ ನನ್ನ ಕಾರ್ಡುಗಳನ್ನು ನೋಡಿದ ಹೆಣ್ಣುಮಗಳಂತೆ. "ನಿಮ್ಮ ಗಿಳಿ ನೋಡಿ ಮಾಡಿದೆ. ನೀವು ಹೂಂ ಅಂದರೆ ಮಾತ್ರ ಇನ್ನೊಂದು ಒತ್ತುತ್ತೇನೆ." ಮೂವತ್ತು ವರ್ಷದಲ್ಲಿ ನನ್ನಿಂದ ಆಗದ್ದನ್ನು ಮುಖ ನೋಡದ ಆಕೆ ಒಂದು ಅಂಚೆಚೀಟಿ ಹಚ್ಚಿ ಮಾಡಿ ಮುಗಿಸಿದ್ದಾಳೆ.

ಅಂದಿನಿಂದ ಕಾರ್ಡು ಬೋರಲಾಗಿಯೇ ಇತ್ತು. ಇವತ್ತು ಬೆಳಿಗ್ಗೆ ಉತ್ತರ ಬರೆದೆ. ಗಿಳಿಯನ್ನು ತೆಗೆದುಕೊಳ್ಳಿ ತಾಯಿ, ಸಂತೋಷ. ಹಿಂದೆ ನೋಡುವುದನ್ನು ಮಾತ್ರ ಬಿಟ್ಟುಬಿಡಿ. ಅದನ್ನು ನಾನೇ ಇನ್ನೂ ಕೇಳಿಲ್ಲ.