ಎರಡೂ ಎಡ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಖಾನೆಯ ಹಿಂಬದಿಯ ಹೊಲಿಗೆ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ತಲೆಗೆ ಬಿಳಿ ಟೋಪಿ, ಬಾಯಿ ಮೂಗಿಗೆ ಮಾಸ್ಕ್, ಕೈಗೆ ತೆಳು ಗ್ಲೌಸು ಹಾಕಿಕೊಂಡ ಹೆಂಗಸೊಬ್ಬರು ಉದ್ದನೆಯ ಮೇಜಿನ ಮುಂದೆ ಕೂತು, ಕಣ್ಣು ಕಿರಿದು ಮಾಡಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಅವರ ಮುಂದೆ ಮನುಷ್ಯನ ಬೆನ್ನಿನ ಆಕಾರಕ್ಕೆ ಬಾಗಿದ ಒಂದು ಹಾಸು ಇದೆ. ಅದರ ಅಂಚಿಗೆ ಬೆರಳುದ್ದದ ಬಟ್ಟೆಯ ಪಟ್ಟಿಯನ್ನಿಟ್ಟು ಹೊಲಿಗೆ ಹಾಕುತ್ತಾರೆ, ಗಂಟು ಬಿಗಿಯುತ್ತಾರೆ. ನೋಡದೆಯೇ ಬಲಗೈ ಚಾಚುತ್ತಾರೆ. ಅಲ್ಲಿ ಮೇಜಿಗೆ ಲಾಡಿಯಿಂದ ಕಟ್ಟಿದ ಕತ್ತರಿ ಇದೆ. ಕಚಕ್. ದಾರ ತುಂಡಾಗುತ್ತದೆ.

ಎದುರಿನ ಕುರ್ಚಿ ಖಾಲಿ. ಆ ಕುರ್ಚಿಯ ಕಡೆಗೂ ಒಂದು ಕತ್ತರಿ ಕಟ್ಟಿದ್ದಾರೆ. ಹೊಸ ಕತ್ತರಿ, ಹೊಸ ಲಾಡಿ. ಅದನ್ನು ಯಾರೂ ಬಳಸುತ್ತಿಲ್ಲ.

ನಾನು ಇದನ್ನೆಲ್ಲ ಗಾಜಿನ ಹೊರಗೆ ನಿಂತು ನೋಡುತ್ತಿದ್ದೇನೆ. ಒಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಮನುಷ್ಯರ ಉಸಿರು, ಎಂಜಲು, ಉದುರಿದ ಕೂದಲು ಯಾವುದೂ ಆ ಹಾಸಿಗೆ ತಾಗುವಂತಿಲ್ಲ. ಕತ್ತರಿ ಕಟ್ಟಿರುವುದೂ ಅದಕ್ಕೇ: ಕೈತಪ್ಪಿ ಹಾಸಿನೊಳಗೆ ಉಳಿದರೆ ಅದೂ ಅಂತರಿಕ್ಷಕ್ಕೆ ಹೋಗಿಬಿಡುತ್ತದೆ.

ಇವರನ್ನು ಎಲ್ಲರೂ ದಾರದಕ್ಕ ಎನ್ನುತ್ತಾರೆ. ಅಂತರಿಕ್ಷಕ್ಕೆ ಹೋಗುವವರ ಆಸನಗಳಿಗೆ ಹಾಸು ಹೊಲಿಯುವುದು ಇವರ ಕೆಲಸ. ಪ್ರತಿ ಯಾತ್ರಿಯನ್ನೂ ಒದ್ದೆ ಪ್ಲಾಸ್ಟರ್ ಹಿಟ್ಟಿನಲ್ಲಿ ಮಲಗಿಸಿ ಬೆನ್ನಿನ ಅಚ್ಚು ತೆಗೆಯುತ್ತಾರೆ. ಆ ಅಚ್ಚಿಗೆ ತಕ್ಕ ಫೋಮ್ ಬರುತ್ತದೆ, ಫೋಮಿಗೆ ತಕ್ಕ ಬಟ್ಟೆ ಇಲ್ಲಿ ಕೂರುತ್ತದೆ. ನೌಕೆ ನೆಲಕ್ಕೆ ಬಂದು ಬಡಿಯುವಾಗ ಬೆನ್ನುಮೂಳೆ ಉಳಿಯುವುದು ಈ ಹಾಸಿನಿಂದ. ಒಬ್ಬರ ಹಾಸಿನಲ್ಲಿ ಇನ್ನೊಬ್ಬರು ಕೂತರೆ ಒಂದು ಬೆರಳಿನಷ್ಟು ವ್ಯತ್ಯಾಸವೇ ಬೆನ್ನು ಮುರಿಯಲು ಸಾಕಂತೆ.

"ಮುಖ ಟೀವಿಯಲ್ಲಿ ಎಲ್ಲರಿಗೂ ಕಾಣುತ್ತೆ," ಎನ್ನುತ್ತಾರೆ ದಾರದಕ್ಕ, ಕ್ಯಾಂಟೀನಿನಲ್ಲಿ ಮಾಸ್ಕ್ ಇಳಿಸಿ. "ಬೆನ್ನು ನೋಡೋರು ನಾವು ಮಾತ್ರ."

"ನಾವು" ಎಂದರೆ ಇಬ್ಬರು. ಖಾಲಿ ಕುರ್ಚಿ ಅವರ ಓರಗಿತ್ತಿಯದು, ಅಂದರೆ ಮೈದುನನ ಹೆಂಡತಿಯದು. ಇವರಿಬ್ಬರ ಗಂಡಂದಿರು, ಅಣ್ಣತಮ್ಮಂದಿರು, ಸೇರಿ ಸೋಫಾ ಅಂಗಡಿ ನಡೆಸುತ್ತಿದ್ದರು. ರಸ್ತೆ ಅಗಲ ಮಾಡುವಾಗ ಬಾಡಿಗೆಯ ಕಟ್ಟಡ ಹೋಯಿತು, ಅಂಗಡಿಯೂ ಹೋಯಿತು. ಅಣ್ಣನಿಗೆ ಆಗಲೇ ಕೈ ನಡುಕ ಶುರುವಾಗಿತ್ತು. ತಮ್ಮ ಒಂದು ಕೆಲಸದಲ್ಲಿ ನಿಂತವರಲ್ಲ. ಒಂದೇ ಅಡುಗೆಮನೆಯ ಈ ಇಬ್ಬರು ಹೆಂಗಸರು ಸೂಜಿ ಹಿಡಿಯಲು ಬರುತ್ತದೆ ಎಂಬ ಒಂದೇ ಧೈರ್ಯದಿಂದ ಈ ಗೇಟಿನ ಮುಂದೆ ಬಂದು ನಿಂತರು.

ಸೂಜಿ ಇಬ್ಬರಿಗೂ ಬರುತ್ತಿತ್ತು, ಆದರೆ ಕಲಿತ ಜಾಗ ಬೇರೆ. ದಾರದಕ್ಕ ತವರಿನಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದವರು. ಓರಗಿತ್ತಿ ಮದುವೆಯಾಗಿ ಬಂದ ಮೇಲೆ ಮಾವನ ಹತ್ತಿರ ಸೋಫಾ ಕವರು ಹೊಲಿಯಲು ಕಲಿತವರು. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮೊದಲ ಸಲ ಕೇಳಿದಾಗ ನಾನು ಇದನ್ನು ದಾಟಿಸಿಬಿಟ್ಟಿದ್ದೆ, ಆಮೇಲೆ ಎಲ್ಲವೂ ಗೋಜಲಾಯಿತು.

ಈಗ ನೌಕೆಗಳ ವಿಷಯ. ಅಕ್ಕ ಕ್ಯಾಂಟೀನಿನ ಲೋಟಗಳನ್ನಿಟ್ಟು ವಿವರಿಸಿದರು. ನಡುವೆ ಒಂದು ತಟ್ಟೆ: ಅದು ಅಂತರಿಕ್ಷ ನಿಲ್ದಾಣ. ತಟ್ಟೆಯ ಅಂಚಿಗೆ ತಾಗಿಸಿದ ಮೂರು ಲೋಟ: ಜನರನ್ನು ಹೊತ್ತು ಹೋದ ಮೂರು ನೌಕೆಗಳು. ಸಾಮಾನ್ಯವಾಗಿ ಒಂದು ಬರುತ್ತದೆ, ಇನ್ನೊಂದು ಹೊರಡುತ್ತದೆ. ಓರಗಿತ್ತಿಯ ಕುರ್ಚಿ ಖಾಲಿಯಾಗಲು ಕಾರಣವಾದ ಆ ಸಲ ಮೂರೂ ಒಟ್ಟಿಗೇ ಕಚ್ಚಿಕೊಂಡು ನಿಂತಿದ್ದವು. ಯಾಕೆಂದರೆ ಮೊದಲನೆಯದರಲ್ಲಿ ಏನೋ ಸೋರಿ, ಅದರಲ್ಲಿ ಜನ ಭೂಮಿಗೆ ಇಳಿಯುವುದು ಬೇಡವೆಂದಾಯಿತು. ಎರಡನೆಯದು ಅದರದೇ ಜನರಿಂದ ಭರ್ತಿ. ಹಾಗಾಗಿ ಮೂರನೆಯದನ್ನು ಒಬ್ಬರೇ ಚಾಲಕರೊಂದಿಗೆ, ಎರಡು ಖಾಲಿ ಆಸನದೊಂದಿಗೆ ಕಳಿಸಿದರು. ಮೊದಲ ನೌಕೆಯಲ್ಲಿ ಹೋಗಿದ್ದ ಇಬ್ಬರು ತಮ್ಮ ತಮ್ಮ ಹಾಸು ಕಿತ್ತುಕೊಂಡು ಮೂರನೆಯದಕ್ಕೆ ಹೋಗಬೇಕು. ಹಾಸು ಯಾವ ನೌಕೆಯಲ್ಲಿದೆಯೋ ಆ ಮನುಷ್ಯ ಆ ನೌಕೆಯವನು ಎಂಬುದು ಅಲ್ಲಿಯ ಲೆಕ್ಕ.

"ಯಾವ ಲೋಟ ಸೋರಿದ್ದು?" ಎಂದು ನಾನು ನಡುವೆ ಕೇಳಿದೆ.

"ನೀವು ಕುಡೀತಿರೋದು," ಎಂದರು ಅಕ್ಕ. ಕೆಳಗಿಟ್ಟೆ.

ಆ ಇಬ್ಬರು ಯಾತ್ರಿಗಳ ಹೆಸರು ಹೊಲಿಗೆ ಕೋಣೆಯಲ್ಲಿ ಯಾರೂ ಹೇಳುವುದಿಲ್ಲ. ಒಬ್ಬರು ಗಡ್ಡದವರು, ಇನ್ನೊಬ್ಬರು ಕನ್ನಡಕದವರು. ಬೆನ್ನು ನೋಡಿದರೆ ಒಂದೇ ತಾಯಿಯ ಮಕ್ಕಳ ಹಾಗೆ. ಗಡ್ಡದವರದು ಎಡ ಆಸನ, ಕನ್ನಡಕದವರದು ಬಲ. ಯಾವಾಗಲೂ ಒಂದು ನೌಕೆಯ ಹಾಸುಗಳನ್ನೆಲ್ಲ ಒಬ್ಬರೇ ಮುಗಿಸುತ್ತಿದ್ದರು. ಆ ಸಲ ಅವಸರವಿತ್ತು. ಗಡ್ಡದವರದನ್ನು ಅಕ್ಕ ಹೊಲಿದರು, ಕನ್ನಡಕದವರದನ್ನು ಓರಗಿತ್ತಿ. ಹಾಸಿಗೆ ಹೆಸರು ಹೊಲಿಯುವ ಪದ್ಧತಿ ಆಗ ಇರಲಿಲ್ಲ, ಕೊನೆಗಳಿಗೆಯಲ್ಲಿ ಯಾತ್ರಿ ಬದಲಾಗಬಹುದಲ್ಲ. ಹೆಸರಿನ ಚೀಟಿ ಹೊರಗಿನ ಪ್ಲಾಸ್ಟಿಕ್ ಚೀಲದ ಮೇಲೆ, ಹಾಸಿನ ಮೇಲೆ 'ಎಡ' ಅಥವಾ 'ಬಲ' ಎಂಬ ಪಟ್ಟಿ ಮಾತ್ರ. ಆಸನಕ್ಕೆ ಕೂರಿಸುವವರು ನೋಡುತ್ತಿದ್ದದ್ದು ಚೀಟಿಯನ್ನು. ಪಟ್ಟಿಯನ್ನು ಓದುವ ಪ್ರಸಂಗವೇ ಬಂದಿರಲಿಲ್ಲ.

ಮೇಲೆ ಆ ಚೀಲಗಳಿರಲಿಲ್ಲ, ಅವನ್ನು ನೆಲದಲ್ಲೇ ಬಿಚ್ಚಿ ಹಾಸು ಕೂರಿಸಿದ್ದರು. ಎರಡೂ ಹಾಸುಗಳನ್ನು ಒಟ್ಟಿಗೆ ತಳ್ಳಿಕೊಂಡು ನಿಲ್ದಾಣದ ಓಣಿಯಲ್ಲಿ ತಂದರು. ಮೂರನೆಯ ನೌಕೆಯ ಬಾಗಿಲಲ್ಲಿ ಪಟ್ಟಿ ಓದಿದರು. ಒಂದರ ಮೇಲೆ 'ಎಡ'. ಇನ್ನೊಂದರ ಮೇಲೂ 'ಎಡ'.

ಮುಂದಿನ ಮಾತುಗಳನ್ನು ನಾನು ಅಕ್ಕ, ಓರಗಿತ್ತಿ, ಮೇಲ್ವಿಚಾರಕರು ಮೂವರ ಬಳಿಯೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಮೂವರೂ ಒಪ್ಪಿದ್ದನ್ನು ಮಾತ್ರ ಇಲ್ಲಿ ಕೊಡುತ್ತಿದ್ದೇನೆ. ಮಧ್ಯಾಹ್ನದ ಊಟ ಮುಗಿಸಿ ಇಬ್ಬರೂ ಮೇಜಿಗೆ ಮರಳಿದ್ದಾರೆ. ಮೇಲ್ವಿಚಾರಕರು ಫೋನು ಹಿಡಿದುಕೊಂಡೇ ಒಳಗೆ ಬರುತ್ತಾರೆ.

"ಅಕ್ಕಾ, ಎಡದ ಹಾಸು ಯಾರದು?"

"ಗಡ್ಡದವರದು ಸರ್."

"ಮೇಲೆ ಎರಡೂ ಎಡ ಅಂತಿದೆಯಂತೆ."

"ತಲೆಕೆಳಗಾಗಿ ಓದಿರ್ತಾರೆ ಸರ್."

"ತಲೆಕೆಳಗಾಗಿ ಓದಿದ್ರೆ ಬಲ ಅನ್ನೋದು ಎಡ ಆಗುತ್ತೇನಮ್ಮಾ?"

"ಅಲ್ಲಿ ಎಲ್ಲಾ ತಲೆಕೆಳಗೇ ಅಲ್ವಾ ಸರ್," ಎನ್ನುತ್ತಾರೆ ಓರಗಿತ್ತಿ. ಆಮೇಲೆ ಮೆಲ್ಲಗೆ, "ನಾನು ಹಾಕಿದ್ದು ಎಡ ಅಂತಲೇ. ಕನ್ನಡಕದವರ ಕುರ್ಚಿ ಎಡಗಡೇದೇ ತಾನೆ?"

"ಬಲಗಡೇದು ಕಣೇ."

"ಎದುರಿಗೆ ನಿಂತು ನೋಡಿ ಅಕ್ಕಾ."

"ಎದುರಿಗೆ ಯಾಕೆ ನಿಲ್ಲಬೇಕು? ಕೂರೋರಿಗೆ ಯಾವುದು ಎಡವೋ ಅದು ಎಡ."

"ಸೋಫಾ ತಗೊಳ್ಳೋರು ಎದುರಿಗೆ ನಿಂತು ತಾನೆ ನೋಡೋದು?"

"ಇದು ಸೋಫಾನಾ?"

ವಿಷಯ ಇಷ್ಟೇ. ಅಂಗಿ ಹೊಲಿಯುವವರಿಗೆ ಎಡವೆಂದರೆ ತೊಟ್ಟವರ ಎಡ, ಸೋಫಾ ಹೊಲಿಯುವವರಿಗೆ ಎದುರು ನಿಂತವರ ಎಡ. ಒಂದೇ ಮೇಜಿನ ಎರಡು ಕಡೆ ಎರಡು ಎಡಗಳು ಇಷ್ಟು ಕಾಲ ಒಂದನ್ನೊಂದು ಕಾಣದೆ ಕೂತಿದ್ದವು. ಪೂರ್ತಿ ಕಾಣದೆ ಅಲ್ಲವೇನೋ. "ಮನೇಲೂ ಹಾಗೇ," ಎಂದು ಅಕ್ಕ ಈಗ ನಗುತ್ತಾರೆ. "ಕಪಾಟಿನ ಎಡಗಡೆ ಡಬ್ಬಿ ತಾ ಅಂದ್ರೆ ಒಂದೊಂದು ಸಲ ಬಲಗಡೇದು ತರೋಳು. ಅವಳಿಗೆ ಎಡಬಲ ಗೊತ್ತಾಗಲ್ಲ ಅಂತ ನಾನು, ನನಗೆ ಗೊತ್ತಾಗಲ್ಲ ಅಂತ ಅವಳು. ಇಬ್ಬರೂ ಪಾಪ ಅಂತ ಸುಮ್ಮನಾಗಿದ್ವಿ."

ಮೇಲ್ವಿಚಾರಕರು ಒಮ್ಮೆ ಕುರ್ಚಿಯ ಈ ಕಡೆ, ಒಮ್ಮೆ ಆ ಕಡೆ ನಿಂತು, ಕೊನೆಗೆ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರಂತೆ. ಅವರ ಅವಸ್ಥೆ ನನಗೆ ಅರ್ಥವಾಗುತ್ತದೆ. ಮೇಲೆ ಯಾತ್ರಿಗಳನ್ನೇ ಕೂರಿಸಿ ನೋಡಿದ್ದೂ ಆಗಿತ್ತು. ತೂಕವಿಲ್ಲದ ಜಾಗದಲ್ಲಿ ಬೆನ್ನು ಸ್ವಲ್ಪ ಉದ್ದವಾಗುತ್ತದೆ. ಹಾಗಾಗಿ ಇಬ್ಬರಿಗೂ ಎರಡೂ ಹಾಸು ಬಿಗಿ. ಬೆನ್ನಿನ ಅಳತೆ ತೆಗೆದು ಕಳಿಸಿದರು, ಅದು ಯಾವ ಅಚ್ಚಿಗೂ ಸರಿಯಾಗಿ ಕೂರಲಿಲ್ಲ. ಇಳಿಯುವ ದಿನ ಹತ್ತಿರವಿತ್ತು.

"ಹೋಗಲಿ, ಯಾವುದು ನೀವು ಹೊಲಿದದ್ದು, ಯಾವುದು ಅವರು ಹೊಲಿದದ್ದು, ಅದಾದ್ರೂ ಹೇಳೋಕಾಗುತ್ತಾ?"

ಒಂದೇ ಬಟ್ಟೆ, ಒಂದೇ ದಾರ, ಒಂದೇ ಮಷೀನು. ಆದರೆ ಇಬ್ಬರಿಗೂ ಉತ್ತರ ಗೊತ್ತಿತ್ತು. ಆಗ ಮೇಜಿಗೆ ಇದ್ದದ್ದು ಒಂದೇ ಕತ್ತರಿ, ಅದೂ ಅಕ್ಕನ ಬಲಗೈ ಬಳಿ. ಓರಗಿತ್ತಿಗೆ ಬೇಕೆಂದರೆ ಎದ್ದು ಸುತ್ತಿ ಬರಬೇಕು. ಮಷೀನಿನ ಹೊಲಿಗೆಗೆ ಹೇಗೂ ಎದ್ದು ಹೋಗುತ್ತಿದ್ದರು. ಕೊನೆಯ ಪಟ್ಟಿಯ ಕೈಹೊಲಿಗೆಗೆ ಮಾತ್ರ, ಬೇರೆ ಯಾರೂ ಇಲ್ಲದಾಗ, ಮಾಸ್ಕ್ ಮೇಲೆತ್ತಿ ಹಲ್ಲಿನಲ್ಲಿ ದಾರ ಕಡಿದುಬಿಡುತ್ತಿದ್ದರು. ಆ ಕೋಣೆಯಲ್ಲಿ ಮಾಸ್ಕ್ ಎತ್ತುವುದಕ್ಕಿಂತ ದೊಡ್ಡ ತಪ್ಪಿಲ್ಲ. "ಬಿಡೇ ಆ ಚಾಳಿ, ಇಲಿ ಅಂತಾರೆ," ಎಂದು ಅಕ್ಕ ಗದರುತ್ತಿದ್ದರು. ಯಾರಿಗೂ ಹೇಳಿರಲಿಲ್ಲ.

"ಪಟ್ಟಿಯ ದಾರದ ತುದಿ ನೋಡೋಕೆ ಹೇಳಿ ಸರ್," ಎಂದರು ಅಕ್ಕ. "ಒಂದು ಕತ್ತರಿಸಿರುತ್ತೆ. ಒಂದು ಕಚ್ಚಿರುತ್ತೆ."

"ಕಚ್ಚಿರುತ್ತಾ? ಇಲ್ಲಿ ಯಾರು ಕಚ್ಚೋದು?"

"ನಾನು," ಎಂದುಬಿಟ್ಟರು ಅಕ್ಕ.

ಯಾಕೆ ಹಾಗೆ ಹೇಳಿದಿರಿ ಎಂದು ನಾನು ಅಕ್ಕನನ್ನು ಕೇಳಿದೆ. "ಗೊತ್ತಿಲ್ಲ. ಬಾಯಿಗೆ ಬಂತು. ಅವಳ ಗಂಡನ ದುಡಿಮೆ ನಂಬೋ ಹಾಗಿಲ್ಲ. ಅವಳನ್ನ ತೆಗೆದುಬಿಟ್ರೆ ಅಂತ ಅನ್ನಿಸ್ತು. ಮೇಲಿರೋರು ಆ ಗಳಿಗೇಲಿ ಮರೆತೇ ಹೋಗಿದ್ರು."

ಓರಗಿತ್ತಿಗೆ ಮರೆತಿರಲಿಲ್ಲ. "ಅಕ್ಕಾ, ಹಾಗಂದ್ರೆ ನಂದು ಗಡ್ಡದವರಿಗೆ ಹೋಗುತ್ತೆ," ಎಂದರು. ಮೇಲ್ವಿಚಾರಕರ ಕಡೆ ತಿರುಗಿ, "ಕಚ್ಚೋದು ನಾನು ಸರ್. ಕಚ್ಚಿರೋದು ಕನ್ನಡಕದವರದು. ಅಕ್ಕಂದು ಕತ್ತರಿ."

ಮೇಲಿನವರು ಟಾರ್ಚು ಹಿಡಿದು ನೋಡಿದರು. ಒಂದು ದಾರದ ತುದಿ ಕೊಯ್ದಂತೆ ಸಪಾಟು. ಇನ್ನೊಂದು ಕುಂಚದ ಹಾಗೆ ಬಿಚ್ಚಿಕೊಂಡಿತ್ತು. ಅದರಂತೆ ಹಾಸುಗಳನ್ನು ಕೂರಿಸಿದರು. ಇಬ್ಬರೂ ಕ್ಷೇಮವಾಗಿ ಇಳಿದರು, ಬೆನ್ನಿಗೆ ಏನೂ ಆಗಲಿಲ್ಲ. ಟೀವಿಯಲ್ಲಿ ಮೂರು ನೌಕೆಗಳು ಒಟ್ಟಿಗಿದ್ದ ಚಿತ್ರ ಬಂತು, ಹಾಸಿನ ಸುದ್ದಿ ಬರಲಿಲ್ಲ.

ಓರಗಿತ್ತಿಯನ್ನು ಕೆಲಸದಿಂದ ತೆಗೆದಿಲ್ಲ, ಕೋಣೆಯಿಂದ ತೆಗೆದಿದ್ದಾರೆ. ಈಗ ಅವರು ಅಂಗಳದಾಚೆಯ ಉಗ್ರಾಣದಲ್ಲಿ ಬಟ್ಟೆಯ ಸುರುಳಿಗಳನ್ನು ಎತ್ತಿಡುತ್ತಾರೆ. ಸೂಜಿ ಮುಟ್ಟುವಂತಿಲ್ಲ. ಇಬ್ಬರೂ ಒಂದೇ ಬಸ್ಸಿಗೆ ಬರುತ್ತಾರೆ. ಓರಗಿತ್ತಿ ಹಿಂದಿನ ಗೇಟಿನಲ್ಲಿ ಇಳಿಯುತ್ತಾರೆ, ಅಕ್ಕ ಮುಂದಿನದರಲ್ಲಿ.

"ನಂಗೇನು ಬೇಜಾರಿಲ್ಲ," ಎನ್ನುತ್ತಾರೆ ಓರಗಿತ್ತಿ, ಸುರುಳಿಯ ಧೂಳು ಕೊಡವುತ್ತ. "ಇಲ್ಲಿ ಮಾಸ್ಕ್ ಇಲ್ಲ, ಎಷ್ಟು ಬೇಕಾದ್ರೂ ಮಾತಾಡಬಹುದು. ಮಾತಾಡೋಕೆ ಯಾರೂ ಇಲ್ಲ, ಅಷ್ಟೆ."

ಕನ್ನಡಕದವರು ಒಮ್ಮೆ ಕಾರ್ಖಾನೆಗೆ ಬಂದು ಅಕ್ಕನ ಕೈ ಕುಲುಕಿದರಂತೆ. "ನಿಮ್ಮದು ನಾನು ಹೊಲಿದದ್ದಲ್ಲ, ನನ್ನ ಓರಗಿತ್ತಿ. ಹೊರಗೆ ಹೋಗಿ ಎಡಕ್ಕೆ ತಿರುಗಿ," ಎಂದರು ಅಕ್ಕ. ಅವರು ಹೊರಗೆ ಹೋದರು, ಉಗ್ರಾಣದ ಬದಲು ಕ್ಯಾಂಟೀನ್ ತಲುಪಿದರು, ಅಷ್ಟರಲ್ಲಿ ಕಾರು ಬಂತು. ಅಕ್ಕ ಹೇಳಿದ್ದು ಯಾರ ಎಡ ಎಂದು ಕೇಳಿದೆ. ಅಕ್ಕ ಬಾಗಿಲ ಕಡೆ ತಿರುಗಿ ನಿಂತು ನೋಡಿದರು, ಬಾಗಿಲಿಗೆ ಬೆನ್ನು ಹಾಕಿ ನೋಡಿದರು. "ಆವತ್ತು ಯಾವ ಕಡೆ ಮುಖ ಮಾಡಿದ್ದೆನೋ," ಎಂದರು.

ಈಗ ಪಟ್ಟಿಯ ಮೇಲೆ ಎಡಬಲವಿಲ್ಲ. ಯಾತ್ರಿಯ ಹೆಸರನ್ನೇ ಹೊಲಿಯುತ್ತಾರೆ. "ಉದ್ದ ಹೆಸರಿನವರನ್ನೇ ಹುಡುಕಿ ಕಳಿಸ್ತಾರೆ," ಎಂದು ಅಕ್ಕನ ದೂರು. ಇಬ್ಬರ ಕೆಲಸ ಒಬ್ಬರ ಮೇಲಿದೆ, ಅದಕ್ಕೇ ಬೆಳಕು ಹರಿಯುವ ಮೊದಲೇ ಬರುತ್ತಾರೆ. ಓರಗಿತ್ತಿಯನ್ನು ಮರಳಿ ಕರೆಸಬೇಕೆಂದು ಅಕ್ಕ ಮೇಲ್ವಿಚಾರಕರನ್ನು ಕೇಳಿದ್ದಾರೆ. ಮುಂದಿನ ನೌಕೆ ಹೋಗಲಿ, ನೋಡೋಣ ಎಂದಿದ್ದಾರೆ ಅವರು. ನನಗೂ ಅಷ್ಟೇ ಹೇಳಿದರು. ಅದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ.

ಕ್ಯಾಂಟೀನಿನಿಂದ ಏಳುತ್ತ ಅಕ್ಕ ಮಾಸ್ಕ್ ಕಟ್ಟಿಕೊಳ್ಳುತ್ತಾರೆ. ಎದುರಿನ ಹೊಸ ಕತ್ತರಿಯ ಬಗ್ಗೆ ಕೇಳುತ್ತೇನೆ.

"ಹಲ್ಲು ಅವಳದ್ದು ನಿಜ," ಎನ್ನುತ್ತಾರೆ. "ಆದರೆ ಕತ್ತರಿ ಇಷ್ಟು ದಿನವೂ ನನ್ನ ಕಡೆ ಇತ್ತು. ಆ ಕಡೆಗೂ ಒಂದು ಕಟ್ಟಿಸೋಣ ಅಂತ ನನಗೆ ಹೊಳೀಲಿಲ್ಲ. ಈಗ ಕಟ್ಟಿಸಿದೀನಿ. ಅವಳು ಬಂದು ಕೂರಬೇಕು, ಅಷ್ಟೆ."