ಇಸ್ತ್ರಿ ಅಕ್ಕ ಲಿಫ್ಟಿನಲ್ಲಿ ಮಾಡಿದ ಪ್ರಾರ್ಥನೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದ ಅವಳನ್ನು ಚರ್ಚಿನ ಹುಡುಗ ಹುಡುಗಿಯರು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಅವರೆಲ್ಲ ಸುವಾರ್ತೆ ಸಾರಲು ಪರ ಊರಿಗೆ ಹೊರಟಾಗ, ಹೆಣ್ಣುಮಕ್ಕಳಿಗೆ ಜೊತೆಯಾಗಿರಲಿ ಎಂದು ಪಾಸ್ಟರ್ ಅವಳನ್ನೂ ಕಳಿಸಿದರು. ಅಷ್ಟಕ್ಕೇ ಬಿಡದೆ, "ನರ್ಸಿಂಗ್ ಹಾಸ್ಟೆಲಲ್ಲಿ ನೀವೇ ಸಾಕ್ಷಿ ಹೇಳ್ಬೇಕು, ನಿಮ್ಮ ನಂಬಿಕೆಯ ಕಥೆ" ಅಂದರು.

ನಾಲ್ಕು ಜನರ ಮುಂದೆ ನಿಂತರೆ ನಾಲಿಗೆ ಅಂಗುಳಕ್ಕೆ ಅಂಟುವ ಹೆಂಗಸು ಅವಳು. ಗಂಡ ತೀರಿಕೊಂಡ ಮೇಲೆ ದೇವರ ಮೇಲೆ ಮುನಿದು ಬಹಳ ಕಾಲ ಚರ್ಚಿನತ್ತ ತಲೆ ಹಾಕಿರಲಿಲ್ಲ. ಅದನ್ನು ಕೇಳಿ ಓದುವ ಹುಡುಗಿಯರು ನಕ್ಕುಬಿಟ್ಟರೆ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದಳು. ಒಂದು ಸಾಲು ಹತ್ತಿದರೆ ಇನ್ನೊಂದು ಜಾರುತ್ತಿತ್ತು.

ಹಾಸ್ಟೆಲಿನ ಸಭಾಂಗಣ ಮೇಲಿನ ಮಹಡಿಯಲ್ಲಿತ್ತು. ಮಂಡಿನೋವೆಂದು ಅವಳು ಅಲ್ಲಿಯ ಒಬ್ಬ ವಿದ್ಯಾರ್ಥಿನಿಯ ಜೊತೆ ಲಿಫ್ಟ್ ಹತ್ತಿದಳು. ಅರ್ಧ ದಾರಿಯಲ್ಲಿ ಅದು ಗಕ್ಕನೆ ನಿಂತಿತು. ದೀಪ ಆರಿತು. ಗಂಟೆಯ ಗುಂಡಿ ಒತ್ತಿದರೆ ಸದ್ದೇ ಇಲ್ಲ.

ಹುಡುಗಿ ಏದುಸಿರು ಬಿಡತೊಡಗಿದಳು. "ಅಕ್ಕಾ, ಕೆಳಗೆ ಬಿದ್ದುಬಿಟ್ರೆ?"

ಇಸ್ತ್ರಿ ಅಕ್ಕ ಬೆವರಿದ ಅಂಗೈಯಲ್ಲೇ ಹುಡುಗಿಯ ಕೈ ತಡಕಿ ಹಿಡಿದಳು. "ಯೇಸಪ್ಪಾ, ಉಸಿರು ಕಟ್ತಾ ಇದೆ. ನಮ್ಮಿಬ್ಬರ ಕೈ ಬಿಡಬೇಡ" ಎಂದು ಗಟ್ಟಿಯಾಗಿಯೇ ಬೇಡಿದಳು.

ಹುಡುಗಿ ಕೇಳಿದಳು: "ನಂಬಿದೋರಿಗೂ ಭಯ ಆಗುತ್ತಾ?"

"ಆಗುತ್ತೆ ಕಣಮ್ಮ. ನನ್ನ ಕೈ ನಡುಗ್ತಿರೋದು ಗೊತ್ತಾಗ್ತಿಲ್ವಾ?"

"ಮತ್ತೆ ಯಾಕೆ ನಂಬ್ತೀರಿ?"

"ನಮ್ಮನೆಯವರು ಹೋದ್ಮೇಲೆ ಯೇಸಪ್ಪನಿಗೆ ಬೈದು ಚರ್ಚು ಬಿಟ್ಟುಬಿಟ್ಟಿದ್ದೆ. ಆದ್ರೆ ದಿನಾ ಅವನ ಹತ್ರಾನೇ ಜಗಳ ಆಡ್ತಿದ್ದೆ. ಇಲ್ಲದೋನ ಹತ್ರ ಯಾರಾದ್ರೂ ಜಗಳ ಆಡ್ತಾರಾ, ಹೇಳು?"

ಲಿಫ್ಟ್ ಒಮ್ಮೆ ಕುಲುಕಿತು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕೊನೆಗೆ ಕಾವಲುಗಾರ ಬಂದು ಬಾಗಿಲು ಮೀಟಿ, ಇಬ್ಬರನ್ನೂ ಮೇಲಕ್ಕೆಳೆದುಕೊಂಡ.

ಸಭೆಯಲ್ಲಿ ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತು, ಆಗಷ್ಟೇ ಹುಡುಗಿಗೆ ಹೇಳಿದ್ದನ್ನೇ ತೊದಲುತ್ತ ಹೇಳಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಆದರೂ ಮುಗಿಸಿದಳು.

ಸಭೆ ಮುಗಿದ ಮೇಲೆ ಆ ಹುಡುಗಿ ತನ್ನ ಇಬ್ಬರು ಗೆಳತಿಯರನ್ನು ಕರೆತಂದಳು. "ಅಕ್ಕಾ, ವಾರ್ಡಿಗೆ ಹೋಗೋಕೆ ನನ್ನ ಹಾಗೇ ಇವರಿಗೂ ಭಯ. ರೋಗಿಗಳು ಸಾಯೋದು ನೋಡೋಕಾಗಲ್ಲ. ನಮಗೋಸ್ಕರ ಪ್ರಾರ್ಥನೆ ಮಾಡ್ತೀರಾ?"

ಇಸ್ತ್ರಿ ಅಕ್ಕ ಮೊದಲು ಅವರ ಹೆಸರು ಕೇಳಿಕೊಂಡಳು. ಆಮೇಲೆ ಕಣ್ಣು ಮುಚ್ಚಿ, ಒಬ್ಬೊಬ್ಬರ ಹೆಸರೂ ಹೇಳಿ ಪ್ರಾರ್ಥಿಸತೊಡಗಿದಳು.