ನೆಲ ನೋಡುವ ವಿಠಲಣ್ಣ

ವಿಠಲಣ್ಣ ಮಾತಾಡುವಾಗಲೂ ನೆಲ ನೋಡುತ್ತಿದ್ದರು. ಉಡುಪಿ ಕಡೆಯವರು, ಒಮಾನಿನ ರುಸ್ತಾಕ್ ಹತ್ತಿರದ ರಸ್ತೆ ಕೆಲಸದಲ್ಲಿ ನಮ್ಮ ಫೋರ್‌ಮನ್. ದಿನಾ ಬೆಳಿಗ್ಗೆ ನಾನು ಲೋಡರ್ ಹತ್ತುವ ಮೊದಲು ಗಾಲಿಗಳ ಸುತ್ತ ಬಗ್ಗಿ ಬಗ್ಗಿ ನಡೆಯುತ್ತಿದ್ದರು.

“ಉಂಗುರ ಕಳಕೊಂಡೀರೇನ್ರಿ ಅಣ್ಣಾರ?” ಎಂದು ನಾನು ಕಾಡಿಸಿದರೆ, “ಹೆದರಿಕೆ ಮಾರಾಯ. ಇಷ್ಟು ದೊಡ್ಡ ಗಾಡಿಯ ಎದುರು ಯಾರು ಉಂಟು ಅಂತ ನಿಂಗೆ ಮೇಲಿಂದ ಕಾಣ್ತದಾ?” ಎನ್ನುತ್ತಿದ್ದರು.

ನಾನು ಬಿಜಾಪುರ ಕಡೆಯವನು, ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಲೋಡರಿನ ಬಕೆಟ್ಟಿನಿಂದ ಚಹಾದ ಕಪ್ಪು ಎತ್ತಿ ಇಡಬಲ್ಲೆ. ಆ ಸೊಕ್ಕು ನನಗಿತ್ತು. ವಿಠಲಣ್ಣನ ನಿಯಮ ಒಂದೇ: ಎರಡು ಸಲ ಹಾರನ್, ಹತ್ತು ಎಣಿಸುವ ತನಕ ಕಾಯುವುದು, ಆಮೇಲೆ ಗಾಡಿ.

ಆ ನಿಯಮವನ್ನು ಅವರೇ ಮುರಿದರು. ಲೋಡರ್ ನಿಲ್ಲಿಸುವ ಜಾಗದ ಬಲಕ್ಕೆ ನೆಲಗುಬ್ಬಿಯೊಂದು ಗೂಡು ಮಾಡಿತ್ತು. ಗೂಡೆಂದರೆ ಏನು, ಕಲ್ಲಿನ ನೆರಳಲ್ಲಿ ಅಂಗೈಯಷ್ಟು ಕುಳಿ, ಅಂಚಿಗೆ ಹರಳುಕಲ್ಲು, ಒಳಗೆ ಎರಡು ಮೊಟ್ಟೆ. ಎಲ್ಲವೂ ಮಣ್ಣಿನದೇ ಬಣ್ಣ. ಬೆರಳು ಮಾಡಿ ತೋರಿಸಿದರೂ ನನಗೆ ಮೊದಲು ಕಾಣಲಿಲ್ಲ.

“ಮರಿ ಆಗುವ ತನಕ ಹಾರನ್ ಬೇಡ. ಅದು ಎದ್ದು ಹೋದ್ರೆ ಈ ಬಿಸಿಲಿಗೆ ಮೊಟ್ಟೆ ಬೇಯ್ತದೆ. ನಿಧಾನ ಎಡಕ್ಕೆ ತಿರುಗಿಸಿ ಹೋಗು.”

“ಖಲಾಸ್. ಇನ್ನ ಗುಬ್ಬೀನೇ ನಮ್ಮ ಕಫೀಲ್, ನಮ್ಮ ಧಣಿ” ಎಂದು ನಕ್ಕೆ.

ಐದನೆಯ ದಿನ ಎಂಜಿನಿಯರ್ ಬರುವವರಿದ್ದರು, ಅವಸರ. ಸುತ್ತ ನೋಡದೆ ಹತ್ತಿದೆ. ಗಾಡಿ ಒಂದು ಮೊಳ ಸರಿದಿತ್ತು, ಬಲಗಡೆ ಗುಬ್ಬಿ ಮುರಿದ ರೆಕ್ಕೆ ಎಳೆಯುವಂತೆ ಧೂಳಲ್ಲಿ ತೆವಳಿತು. ತುಳಿದೆನೇನೋ ಎಂದು ಬ್ರೇಕ್ ಒತ್ತಿದೆ. ಗೂಡಿನಿಂದ ಕಣ್ಣು ತಪ್ಪಿಸಲು ಅದು ಹೂಡುವ ನಾಟಕ ಎಂದು ಆಮೇಲೆ ತಿಳಿಯಿತು.

ಬಕೆಟ್ಟಿನ ಆಚೆಯಿಂದ ಬಿಳಿ ಹೆಲ್ಮೆಟ್ ಮೆಲ್ಲಗೆ ಎದ್ದಿತು. ಗುಬ್ಬಿ ಹೆದರಬಾರದೆಂದು ಗೂಡಿನಿಂದ ದೂರ ಕೂತು ನೋಡುತ್ತಿದ್ದರು ವಿಠಲಣ್ಣ, ನನ್ನ ಬಕೆಟ್ಟಿಗೆ ಬೆನ್ನು ಹಾಕಿ. ಎಂಜಿನ್ ಬಿಸಿಯಾಗಲು ದಿನಾ ಸುಮ್ಮನೆ ಓಡುತ್ತಿತ್ತಲ್ಲ, ಇದೂ ಅದೇ ಸದ್ದು ಅಂದುಕೊಂಡಿದ್ದರು. ಅಂಗಿಯ ಬೆನ್ನಿಗೆ ಬಕೆಟ್ಟಿನ ಹಲ್ಲಿನ ಮಣ್ಣು ಅಂಟಿತ್ತು.

ನಾನು ಎಂಜಿನ್ ಆರಿಸಿ ಕೀಲಿ ಕಿತ್ತೆ. ಅವರೇ ಬಂದು, ಮೊದಲ ಸಲ ನನ್ನ ಮುಖ ನೋಡಿದರು. “ತಪ್ಪು ನನ್ನದು ಮಾರಾಯ. ನಾಳೆಯಿಂದ ಹಾರನ್ ಹೊಡಿ.” ಅಂದು ನಾನು ಊಟದ ಡಬ್ಬಿ ತೆರೆಯಲಿಲ್ಲ.

ಮರುದಿನ ಹಾರನ್ನಿಗೆ ಗುಬ್ಬಿ ಹಾರಿಹೋಯಿತು. ಇಬ್ಬರೂ ಎಣಿಸುತ್ತ ನಿಂತೆವು. ಹತ್ತಕ್ಕೆ ಬರಲಿಲ್ಲ. ಮೂವತ್ತಕ್ಕೆ ಬಂತು.

ವಿಠಲಣ್ಣ ಕಳೆದ ವರ್ಷ ಕೆಲಸ ಬಿಟ್ಟು ಊರಿಗೆ ಹೋದರು. ವಿಮಾನ ನಿಲ್ದಾಣದ ಬಸ್ಸು ಹತ್ತುವ ಮೊದಲೂ ಬಗ್ಗಿ ಗಾಲಿ ನೋಡಿದರು. ಈಗ ಲೋಡರಿನ ಸುತ್ತ ನಾನೇ ನಡೆಯುತ್ತೇನೆ. ಬಕೆಟ್ಟಿನ ಮುಂದೆ ಬಗ್ಗಿದಾಗ ಬೆನ್ನು ತಣ್ಣಗಾಗುತ್ತದೆ. ಮೇಲೆ ಸೀಟಿನಲ್ಲಿ ಯಾರೂ ಇಲ್ಲ, ಕೀಲಿ ನನ್ನ ಕಿಸೆಯಲ್ಲೇ ಇದೆ ಎಂದು ಗೊತ್ತು. ಆದರೂ ಕಿಸೆ ಮುಟ್ಟಿ ನೋಡಿಕೊಳ್ಳುತ್ತೇನೆ.